ಮೀಟರಕ್ಕನ ಕೂಗು

ನೀರಿನ ಕಚೇರಿಯ ದಾಖಲೆಯಲ್ಲಿ ಅವಳಿಗೊಂದು ಹೆಸರಿತ್ತು. ಸಂಬಳದ ದಿನ ಬಿಟ್ಟರೆ ಆ ಹೆಸರಿಗೆ ಕೆಲಸವೇ ಇರಲಿಲ್ಲ. ಇಪ್ಪತ್ತಮೂರು ವರ್ಷ ಮನೆಮನೆಯ ಗೋಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಬ್ಬಿಣದ ಮುಚ್ಚಳ ಎತ್ತಿ, ನೀರಿನ ಮೀಟರಿನ ಅಂಕಿ ಬರೆದುಕೊಂಡವಳನ್ನು ಊರೆಲ್ಲ ಕರೆದದ್ದು ಮೀಟರಕ್ಕ ಎಂದೇ. ಮುಚ್ಚಳ ಎತ್ತಿದರೆ ಜಿರಲೆ, ಚೇಳು, ಒಮ್ಮೊಮ್ಮೆ ಹಾವಿನ ಪೊರೆ. ಯಾವುದಕ್ಕೂ ಹೆದರಿದವಳಲ್ಲ. ಹೆದರುತ್ತಿದ್ದದ್ದು ಒಂದೇ ಪ್ರಶ್ನೆಗೆ: "ಅಕ್ಕಾ, ಆ ಬೀದೀಲಿ ಮನೆ ಮಾಡಬಹುದಾ?"

ಮನೆ ಹುಡುಕುವವರು ಮೊದಲು ದಲ್ಲಾಳಿಯನ್ನು ಕೇಳುತ್ತಿದ್ದರು, ಆಮೇಲೆ ಇವಳನ್ನು. ದಲ್ಲಾಳಿ ನೋಡಿದ್ದು ಮನೆಯ ಒಳಗನ್ನು, ಇವಳು ನೋಡಿದ್ದು ಬೀದಿಯನ್ನು. ಮೊದಮೊದಲು ಅಕ್ಕ ಧಾರಾಳವಾಗಿಯೇ ಸರ್ಟಿಫಿಕೇಟ್ ಕೊಡುತ್ತಿದ್ದಳು. ಗುಡಿಸಿದ ಬೀದಿ, ಹೊಸ ಬಣ್ಣದ ಗೋಡೆ, ಎತ್ತರದ ಗೇಟು ಕಂಡರೆ ಸಾಕು, "ಕಣ್ಣು ಮುಚ್ಕೊಂಡು ಹೋಗಿ" ಎನ್ನುವಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವಳಿಗೆ ಗೊತ್ತಾಗಲು ಒಬ್ಬ ನಿವೃತ್ತ ಡ್ರಾಯಿಂಗ್ ಮೇಡಂ ಬಿದ್ದು ಸೊಂಟ ಮುರಿದುಕೊಳ್ಳಬೇಕಾಯಿತು.

ಆ ಮೇಡಂಗೆ ಬೀದಿ ತೋರಿಸಿದವಳು ಅಕ್ಕನೇ. ಒಂದು ದಿನ ಅಲ್ಲಿ ಮುಚ್ಚಳ ಎತ್ತಿದರೆ ಮೀಟರಿನ ಸಣ್ಣ ಚಕ್ರ ಗರಗರ ತಿರುಗುತ್ತಿದೆ. ಬಾಗಿಲು ಬಡಿದರೆ ಉತ್ತರವಿಲ್ಲ. ಪಕ್ಕದ ಮನೆಯಾಕೆ ಗೇಟಿನ ಸಂದಿಯಿಂದ ಹೇಳಿದಳು: "ಎರಡು ದಿನದಿಂದ ನೀರು ಸುರೀತಾನೇ ಇದೆ. ನಮ್ಮ ಗೋಡೆ ಎಲ್ಲ ನೆನೆದುಹೋಯ್ತು. ನಿಮ್ಮ ಆಫೀಸಿಗೆ ಕಂಪ್ಲೇಂಟ್ ಬರೆದಿದ್ದೀನಿ."

"ಬಾಗಿಲು ತಟ್ಟಿ ನೋಡಿದ್ರಾ?"

"ಅಯ್ಯೋ, ನಮಗೂ ಅವರಿಗೂ ಅಷ್ಟು ಬಳಕೆ ಇಲ್ಲ."

ಬೀಗದವನನ್ನು ಕರೆಸಿ ಬಾಗಿಲು ತೆಗೆಸಿದರು. ಮೇಡಂ ಬಚ್ಚಲಿನ ನೆಲದ ಮೇಲೆ ಎರಡು ದಿನದಿಂದ ಬಿದ್ದಿದ್ದರು. ಜೀವ ಉಳಿಯಿತು, ನಡಿಗೆ ಉಳಿಯಲಿಲ್ಲ. ತಮ್ಮನ ಊರಿಗೆ ಹೊರಡುವಾಗ ಆಕೆ ಅಕ್ಕನ ಕೈ ಹಿಡಿದು, "ನೀನು ಬಂದೆಯಲ್ಲ" ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವತ್ತಿನಿಂದ ಪರೀಕ್ಷೆ ಮಾಡದೆ ಯಾವ ಬೀದಿಯ ಬಗ್ಗೆಯೂ ಅಕ್ಕ ತುಟಿ ಬಿಚ್ಚಲಿಲ್ಲ.

ಪರೀಕ್ಷೆಯಾದರೂ ಎಂಥದು? ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಬೀದಿ ತಣ್ಣಗಿರುವಾಗ, ನಟ್ಟನಡುವೆ ನಿಂತು, ಮಗು ಕಳೆದುಕೊಂಡವಳ ಹಾಗೆ ಗಂಟಲು ಹರಿಯುವಂತೆ "ಪುಟ್ಟೀ! ಪುಟ್ಟೀ, ಎಲ್ಲಿದ್ದೀಯೇ!" ಎಂದು ಮೂರು ಸಲ ಕೂಗುವುದು. ಆಮೇಲೆ ಸುಮ್ಮನೆ ನಿಂತು ಯಾವ ಬಾಗಿಲು ತೆರೆಯಿತು, ಯಾವುದು ತೆರೆಯಲಿಲ್ಲ ಎಂದು ನೋಡುವುದು. ಕಚೇರಿಯವರು ಇದನ್ನು ಕೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಗಲಿ ಬಿಡಿ. ನಕ್ಕವರೇ ಮಗಳಿಗೆ ಮನೆ ಮಾಡುವಾಗ ಅಕ್ಕನ ಮೇಜಿನ ಹತ್ತಿರ ಬಂದು ತಲೆ ಕೆರೆದುಕೊಂಡು ನಿಂತರು.

ಹೀಗಿರುವಾಗ ಒಂದು ದಿನ ಸ್ವಂತ ತಮ್ಮನ ಮಗಳೇ ಬಂದಳು. ಇಪ್ಪತ್ತಾರರ ಹುಡುಗಿ, ಮನೆಯಲ್ಲಿ ಎಲ್ಲರಿಗೂ ಪುಟ್ಟಿ. ಹನ್ನೆರಡನೇ ವಯಸ್ಸಿನಿಂದ ಅವಳಿಗೆ ಫಿಟ್ಸ್. ಮಾತ್ರೆಯಿಂದ ಬಹಳ ಕಡಿಮೆಯಾಗಿತ್ತು, ಪೂರಾ ಬಿಟ್ಟಿರಲಿಲ್ಲ. ಈ ಊರಿನ ಲೈಬ್ರರಿಯಲ್ಲಿ ಕೆಲಸ ಸಿಕ್ಕಿತ್ತು, ಸೋಮವಾರ ಸೇರಬೇಕು.

"ನಮ್ಮನೇಲೇ ಇರೇ" ಎಂದಳು ಅಕ್ಕ.

"ಬೇಡ ಅತ್ತೆ. ಅಪ್ಪನ ಕಣ್ಣಿಂದ ಅತ್ತೆ ಕಣ್ಣಿಗೆ ವರ್ಗ ಆದ ಹಾಗಾಗತ್ತೆ ಅಷ್ಟೆ. ಒಂದು ಸಲನಾದ್ರೂ ನನ್ನ ಬಾಗಿಲಿಗೆ ನಾನೇ ಚಿಲಕ ಹಾಕ್ಕೋಬೇಕು."

ಕನ್ನಡಕದ ಅಂಗಡಿ ಇಟ್ಟಿದ್ದ ತಮ್ಮ ಫೋನಿನಲ್ಲೇ ಕಡ್ಡಿ ಮುರಿದಂತೆ ಹೇಳಿದ: "ಅಕ್ಕಾ, ಬೀದಿ ಸರಿ ಇದೆ ಅಂತ ನೀನು ನಿನ್ನ ಬಾಯಿಂದ ಹೇಳಬೇಕು. ಇಲ್ಲಾಂದ್ರೆ ಕೆಲಸನೂ ಬೇಡ, ಏನೂ ಬೇಡ. ವಾಪಸ್ ಕಳಿಸು."

ಅಕ್ಕ ಇಕ್ಕಟ್ಟಿಗೆ ಸಿಕ್ಕಿಬಿದ್ದಳು. ಬೇಡ ಎಂದರೆ ಹುಡುಗಿ ಜನ್ಮವಿಡೀ ಅಪ್ಪನ ಅಂಗಡಿಯಲ್ಲಿ ಗಾಜು ಒರೆಸಬೇಕು. ಸರಿ ಎಂದು ಅದು ತಪ್ಪಾದರೆ ಇನ್ನೊಂದು ಬಚ್ಚಲಿನ ನೆಲ, ಈ ಸಲ ತನ್ನದೇ ರಕ್ತ.

ತಮ್ಮ ಯಾರನ್ನೋ ವಿಚಾರಿಸಿ ಆರಿಸಿದ್ದ ಬೀದಿಗೆ ಶನಿವಾರ ಮೊದಲು ಹೋದರು. ಕಂಬಕ್ಕೊಂದು ಕ್ಯಾಮೆರಾ, ತುದಿಯಲ್ಲಿ ಕಾವಲುಗಾರ. ಹುಡುಗಿಯನ್ನು ಮೂಲೆಯಲ್ಲಿ ನಿಲ್ಲಿಸಿ ಅಕ್ಕ ಕೂಗಿದಳು. ಒಂದು ಪರದೆ ಅಲ್ಲಾಡಿ ಸುಮ್ಮನಾಯಿತು. ಒಂದು ನರಪಿಳ್ಳೆಯೂ ಹೊರಗೆ ಬರಲಿಲ್ಲ. ಕಾವಲುಗಾರ ಮಾತ್ರ ಓಡಿ ಬಂದ. ಬಂದು, "ಅಮ್ಮಾ, ಇಲ್ಲಿ ಕೂಗಬಾರದು, ನನ್ನ ಕೆಲಸ ಹೋಗತ್ತೆ" ಎಂದ. ಪಾಪ, ಅವನದೇನು ತಪ್ಪು.

ಎರಡನೆಯದು ಲೈಬ್ರರಿಯ ಹಿಂದಿನ ಓಣಿ. ಗೋಡೆಗಳ ಗಾರೆ ಉದುರಿತ್ತು. ಹಿಂದಿನ ವಾರವಷ್ಟೇ ಅಲ್ಲಿ ಎರಡು ಸೈಕಲ್ ಕಳುವಾಗಿದ್ದವು. ದಲ್ಲಾಳಿ ಕೂಡ ತೋರಿಸಲು ನಾಚಿಕೊಳ್ಳುವಂಥ ಜಾಗ.

"ಅತ್ತೆ, ಇಷ್ಟು ಜನಕ್ಕೆ ಸುಳ್ಳು ಹೇಳ್ತೀರಲ್ಲ" ಎಂದು ಹುಡುಗಿ ಗೊಣಗಿದಳು.

"ಸುಳ್ಳೆಲ್ಲಿ ಬಂತು? ನೀನು ಪುಟ್ಟಿ. ಮೂಲೇಲಿ ಅವಿತಿದ್ದೀಯ. ನಾನು ಹುಡುಕ್ತಿದ್ದೀನಿ."

ಎರಡನೇ ಕೂಗಿಗೇ ಓಣಿ ಎದ್ದಿತು. ಅರ್ಧ ಗಡ್ಡ ಬೋಳಿಸಿಕೊಂಡ ಮುದುಕ ಉಳಿದರ್ಧಕ್ಕೆ ಸೋಪಿನ ನೊರೆ ಇಟ್ಟುಕೊಂಡೇ ಬಂದ. ಕತ್ತಿಗೆ ಅಳತೆಪಟ್ಟಿ ನೇತುಹಾಕಿಕೊಂಡ ಹೊಲಿಗೆಯಾಕೆ ಯಾರನ್ನೂ ಏನೂ ಕೇಳದೆ ನೇರ ಮೋರಿಯ ಕಡೆಗೆ ಓಡಿ, ಬಗ್ಗಿ ಒಳಗೆ ನೋಡಿದಳು. ಮಹಡಿಯ ಕಿಟಕಿಯಿಂದ ಯಾರೋ, "ಯಾವ ಬಣ್ಣದ ಬಟ್ಟೆ ಹಾಕಿತ್ತು?" ಎಂದು ಕಿರುಚಿದರು. ಇನ್ನೊಬ್ಬರು ರಸ್ತೆಯ ತುದಿಗೆ ಓಡಿ ಬರುತ್ತಿದ್ದ ಗಾಡಿಗಳನ್ನು ಕೈ ಅಡ್ಡ ಹಿಡಿದು ನಿಲ್ಲಿಸಿಯೇಬಿಟ್ಟರು.

"ಮಗೂಗೆ ಎಷ್ಟು ವರ್ಷ?" ಎಂದು ಏದುಸಿರಲ್ಲಿ ಕೇಳಿದಳು ಹೊಲಿಗೆಯಾಕೆ.

ಅಕ್ಕ ತಲೆ ತಗ್ಗಿಸಿ, "ಇಪ್ಪತ್ತಾರು" ಎಂದಳು.

ಆಮೇಲೆ ನಡೆದದ್ದು ಮುಖಕ್ಕೆ ಮಂಗಳಾರತಿ. ಹೊಲಿಗೆಯಾಕೆ ಬೈದಳು, ಮುದುಕ ನೊರೆ ಹಾರಿಸಿಕೊಂಡು ಬೈದ, ಮಹಡಿಯ ಮೇಲಿನವರು ಮೆಟ್ಟಿಲಿಳಿದು ಬಂದು ಬೈದರು. ಅಕ್ಕ ಅಷ್ಟನ್ನೂ ಹಾಲು ಕುಡಿದಷ್ಟು ಸಂತೋಷದಿಂದ ಕೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ, "ಇಲ್ಲಿ ಖಾಲಿ ಮನೆ ಯಾವುದಮ್ಮ?" ಎಂದು ಕೇಳಿದಳು. ಅಂಥ ಎದೆಗಾರಿಕೆ ನಮಗೆ ನಿಮಗೆ ಬರುವಂಥದ್ದಲ್ಲ.

ತಮ್ಮನಿಗೆ ಫೋನ್ ಮಾಡಿ, "ಸೈಕಲ್ ಕಳೆದುಹೋಗೋ ಬೀದಿ. ಮನುಷ್ಯರು ಕಳೆದುಹೋಗೋ ಬೀದಿ ಅಲ್ಲ. ಸರಿ ಇದೆ" ಎಂದಳು. ಅವನು ಮುನಿಸಿಕೊಂಡು ಸಾಮಾನು ಸಾಗಿಸಲೂ ಬರಲಿಲ್ಲ. ಹುಡುಗಿ ಸೇರಿಕೊಂಡಳು. ಅಕ್ಕ ಹೊರಗೆ ನಗುತ್ತಿದ್ದಳು, ಒಳಗೆ ಕೆಂಡ. ಕೆಲಸದ ನಡುವೆ ಎಲ್ಲಿ ಮೀಟರಿನ ಚಕ್ರ ಜೋರಾಗಿ ತಿರುಗುವುದು ಕಂಡರೂ ಎದ್ದು ಹೋಗಿ ಆ ಮನೆಯ ಬಾಗಿಲು ಬಡಿಯುತ್ತಿದ್ದಳು.

ಆರನೇ ವಾರ, ಒಂದು ರಜೆಯ ದಿನ, ತಮ್ಮ ಹೇಳದೆ ಕೇಳದೆ ಬಂದಿಳಿದ. "ನಡಿ, ನಿನ್ನ ಓಣಿ ನೋಡೋಣ" ಎಂದ. ಹೋದರೆ ಹುಡುಗಿಯ ಬಾಗಿಲು ಮುಂದೆ ಮಾಡಿತ್ತು. ಮೆಟ್ಟಿಲ ಮೇಲೆ ಹೊಲಿಗೆಯಾಕೆ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದಳು.

"ಶ್! ಮಲಗಿದ್ದಾಳೆ. ಬೆಳಿಗ್ಗೆ ನಲ್ಲಿ ಹತ್ರ ಫಿಟ್ಸ್ ಬಂತು. ಪಕ್ಕಕ್ಕೆ ಹೊರಳಿಸಿ, ತಲೆ ಕೆಳಗೆ ಬಟ್ಟೆ ಇಟ್ವಿ. ಬಾಯಿಗೇನೂ ತುರುಕಲಿಲ್ಲ. ಬಂದ ವಾರಾನೇ ಅವಳು ನಮಗೆಲ್ಲ ಹೇಳಿಕೊಟ್ಟಿದ್ಲು. ಎಷ್ಟು ಹೊತ್ತಿತ್ತು ಅಂತಾನೂ ಬರೆದಿದ್ದೀನಿ." ಅವಳು ಚಾಚಿದ ಬಟ್ಟೆಯ ಚೂರನ್ನು ತಮ್ಮ ತೆಗೆದುಕೊಂಡ. ಅದರ ಮೇಲೆ ಸೀಮೆಸುಣ್ಣದಲ್ಲಿ 'ಎರಡು ನಿಮಿಷ' ಎಂದಿತ್ತು.

ತಮ್ಮ ಬಾಗಿಲಿಗೆ ಕೈ ಹಾಕಿದ. ಹೊಲಿಗೆಯಾಕೆ ಕಾಲು ಅಡ್ಡ ಚಾಚಿದಳು. "ನೀವ್ಯಾರು?"

"ಅವಳ ಅಪ್ಪ."

"ಹೌದಮ್ಮ, ನನ್ನ ತಮ್ಮ" ಎಂದಳು ಅಕ್ಕ.

"ನೀವು ಹೇಳ್ತೀರಿ. ಮಗು ಕಳೆದುಹೋಗಿದೆ ಅಂತಾನೂ ನೀವೇ ಕೂಗಿದ್ರಿ! ಅವಳು ಎದ್ದು ಹೌದು ಅನ್ಲಿ, ಆಮೇಲೆ ಬಿಡ್ತೀನಿ. ಹೆಣ್ಣುಮಗಳು ಒಬ್ಬಳೇ ಮಲಗಿದ್ದಾಳೆ."

ತಮ್ಮನ ಮುಖ ಕೆಂಪಾಯಿತು. ಈಗ ಸಿಡಿಯುತ್ತಾನೆ ಎಂದು ಅಕ್ಕ ಕಾದಳು. ಅವನು ಸಿಡಿಯಲಿಲ್ಲ. ಕೈಯಲ್ಲಿದ್ದ ಬಟ್ಟೆಯ ಚೂರನ್ನು ಇನ್ನೊಮ್ಮೆ ನೋಡಿದ. ಚಪ್ಪಲಿ ಬಿಟ್ಟು, ಕೆಳಗಿನ ಮೆಟ್ಟಿಲ ಮೇಲೆ ಕೂತು, ಗೋಡೆಗೆ ಒರಗಿದ. ಹದಿನಾಲ್ಕು ವರ್ಷ ಮಗಳ ಕೋಣೆಯ ಹೊಸ್ತಿಲಲ್ಲಿ ಚಾಪೆ ಹಾಸಿ, ಅವಳ ಉಸಿರಾಟಕ್ಕೆ ಕಿವಿಗೊಟ್ಟು ಮಲಗಿದವನು. ಹೊಲಿಗೆಯಾಕೆ ಎರಡನೇ ಗುಂಡಿಗೆ ದಾರ ಪೋಣಿಸುವಷ್ಟರಲ್ಲಿ, ಹಾಡಹಗಲಲ್ಲಿ, ಬಾಯಿ ಬಿಟ್ಟುಕೊಂಡು ಗೊರಕೆ ಹೊಡೆಯತೊಡಗಿದ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಹುಡುಗಿ ಕಣ್ಣುಜ್ಜಿಕೊಂಡು ಹೊರಗೆ ಬಂದಳು.

"ನಿಮ್ಮಪ್ಪಾನಾ ಇವರು?" ಎಂದಳು ಹೊಲಿಗೆಯಾಕೆ. ಹುಡುಗಿ ಹೌದೆಂದು ತಲೆಯಾಡಿಸಿದಳು. "ಹಾಗಾದ್ರೆ ಎಬ್ಬಿಸ್ಲಾ?"

"ಬೇಡಮ್ಮ" ಎಂದಳು ಮೀಟರಕ್ಕ. "ಮಲಗಲಿ ಬಿಡು."

ಹುಡುಗಿ ಸದ್ದಾಗದಂತೆ ಮೆಟ್ಟಿಲಿಳಿದು ಅಪ್ಪನ ಪಕ್ಕ ಕೂತಳು, ಅವನು ಏಳುವವರೆಗೂ.