ಹೊಸ ಮನೆಯ ತಪ್ಪುಗಳ ಪಟ್ಟಿ

ಹೋದ ಮಂಗಳವಾರ ನನ್ನ ಹೊಸ ಮನೆಯ ಹಾಲ್‌ನಲ್ಲಿ, ಗಟ್ಟಿಮುಟ್ಟಾಗಿದ್ದ ಟೈಲ್ಸ್ ಒಂದನ್ನು ನಾನೇ ಮುಂದೆ ನಿಂತು ಒಡೆಸಿದೆ.

ಯಾಕೆ? ಹೇಳಲು ಸ್ವಲ್ಪ ನಾಚಿಕೆ. ಆದರೆ ಪ್ರತಿ ವಾರ ಈ ಅಂಕಣದಲ್ಲಿ ಊರಿನವರ ತಪ್ಪು ಬರೆಯುವವಳು ಒಂದು ವಾರವಾದರೂ ತನ್ನದನ್ನು ಬರೆಯಬೇಕಲ್ಲ?

ಸೇಡಂ ಹೊರಗಿನ ಲೇಔಟಿನಲ್ಲಿ ಹೊಸದಾಗಿ ಕಟ್ಟಿದ ಮನೆ ಕೊಂಡ ಸಂಗತಿ ನಿಮಗೆ ಗೊತ್ತೇ ಇದೆ. (ಶುಭ ಹಾರೈಸಿದವರಿಗೆಲ್ಲ ಥ್ಯಾಂಕ್ಸ್. ಬರುತ್ತೇವೆ ಎಂದಿದ್ದಿರಿ, ಇನ್ನೂ ಯಾರೂ ಬಂದಿಲ್ಲ.) ಚಿತ್ತಾಪುರದಲ್ಲಿ ಹುಡುಗಿಯರ ಹಾಸ್ಟೆಲ್ಲಿನ ವಾರ್ಡನ್ ಆಗಿದ್ದಷ್ಟು ಕಾಲವೂ ನಾನು ಕ್ವಾರ್ಟರ್ಸ್‌ನಲ್ಲಿದ್ದವಳು. ಐದಕ್ಕೆ ಗಂಟೆ, ಆರಕ್ಕೆ ಪ್ರಾರ್ಥನೆ, ಎಂಟಕ್ಕೆ ಉಪ್ಪಿಟ್ಟು. ಗೋಡೆಯ ಆಚೆ ಎಂಬತ್ತು ಹುಡುಗಿಯರ ಗದ್ದಲ. ಒಂದು ದಿನವಾದರೂ ಶಾಂತಿ ಸಿಗಲಿ ಎಂದು ಎಷ್ಟು ಸಲ ಬೇಡಿಕೊಂಡಿದ್ದೆನೋ.

ಸಿಕ್ಕಿತು.

ಸಾಲಿಗೆ ಹನ್ನೆರಡು ಮನೆ. ಎಲ್ಲವೂ ಒಂದೇ ಅಚ್ಚು, ಒಂದೇ ಬಣ್ಣ. ಎಲ್ಲವೂ ಮಾರಾಟವಾಗಿವೆ. ವಾಸಕ್ಕೆ ಬಂದವಳು ನಾನೊಬ್ಬಳೇ. ಉಳಿದ ಹನ್ನೊಂದಕ್ಕೂ ಬೀಗ. 'ಇನ್ವೆಸ್ಟ್‌ಮೆಂಟ್' ಅಂತೆ. ಬೆಳಿಗ್ಗೆ ಎಂಟಕ್ಕೆ ಒಂದು ತಟ್ಟೆ ಉಪ್ಪಿಟ್ಟು. ಎಂಟೂ ಹತ್ತಕ್ಕೆ ತಟ್ಟೆ ತೊಳೆದಾಗಿರುತ್ತದೆ. ಆಮೇಲೆ?

ಆಮೇಲೆ ಇನ್‌ಸ್ಪೆಕ್ಷನ್! ಹಾಸ್ಟೆಲ್ಲಿನ ಅಭ್ಯಾಸ ಬಿಡಬೇಕಲ್ಲ. ಆರು ತಿಂಗಳೊಳಗೆ ಏನೇ ತಪ್ಪು ಕಂಡರೂ ಪುಕ್ಕಟೆ ಸರಿ ಮಾಡಿಸಿಕೊಡುತ್ತೇನೆಂದು ಬಿಲ್ಡರ್ ಮಾತು ಕೊಟ್ಟಿದ್ದ. ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ, ನಂಬರು ಕೊಟ್ಟು ಪಟ್ಟಿ ಮಾಡಿದೆ. ಬಚ್ಚಲಿನ ನೀರು ತೂತಿನ ಕಡೆ ಹೋಗದೆ ಬಾಗಿಲ ಕಡೆ ಬರುತ್ತಿತ್ತು. ಮಲಗುವ ಕೋಣೆಯ ಕಿಟಕಿ ಮುಚ್ಚುತ್ತಿರಲಿಲ್ಲ. ಫ್ಯಾನಿನ ಸ್ವಿಚ್ ಒತ್ತಿದರೆ ಹೊರಗಿನ ದೀಪ ಹತ್ತುತ್ತಿತ್ತು. ಒಟ್ಟು ಹದಿನಾಲ್ಕು. ಅಷ್ಟೂ ನಿಜವಾದ ತಪ್ಪುಗಳು, ಆಣೆ ಮಾಡಿ ಹೇಳುತ್ತೇನೆ.

ಸರಿ ಮಾಡಲು ಬಂದವರು ಭಂಕೂರಿನ ಗೌಂಡಿ ರಸೂಲಸಾಬ್, ಅವರಿಗೆ ಸಿಮೆಂಟು ಕಲಸಿಕೊಡುವ ಶಾಂತಮ್ಮ. 'ಕೆಲಸ ಮುಗಿದಿದೆ' ಎಂದು ನಾನು ಸಹಿ ಹಾಕಿ ಕೊಡುವವರೆಗೆ ಬಿಲ್ಡರ್ ಅವರನ್ನು ಬೇರೆ ಕಡೆ ಬಿಡುವಂತಿರಲಿಲ್ಲ.

ಹತ್ತು ಗಂಟೆಗೆ ಬರಬೇಕು ಎಂದೆ. ಬಂದರು. ಹನ್ನೊಂದಕ್ಕೆ ಚಹಾ. ರಸೂಲಸಾಬ್ ಶಹಾಬಾದದ ಕಲ್ಲಿನ ಗಣಿಗಳ ಕಥೆ ಹೇಳುವರು. ಅದರ ಅರ್ಧ ಸುಳ್ಳೆಂದು ಶಾಂತಮ್ಮ ಪಕ್ಕದಿಂದ ತಿದ್ದುವಳು. ಮನೆಯಲ್ಲಿ ಸುತ್ತಿಗೆಯ ಸದ್ದು, ಬಕೆಟ್ಟಿನ ಸದ್ದು, ನಗೆಯ ಸದ್ದು. ಅವರು ಒಂದೇ ದಿನಕ್ಕೆ ಎರಡು ಕೆಲಸ ಮುಗಿಸಲು ಹೊರಟರೆ ನಾನು ಬಿಡುತ್ತಿರಲಿಲ್ಲ. "ಅವಸರ ಬ್ಯಾಡ್ರಿ, ದಿನಕ್ಕ ಒಂದೇ ನಂಬರು" ಎನ್ನುತ್ತಿದ್ದೆ. ಶಿಸ್ತು ಎಂದುಕೊಂಡಿದ್ದೆ.

ಹದಿನಾಲ್ಕು ಮುಗಿಯಿತು. ನಾನು ಹದಿನೈದು ಬರೆದೆ. ಗೇಟು ಕಿರ್ ಎನ್ನುತ್ತದೆ. ಹದಿನಾರು, ಅಡುಗೆಮನೆಯ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. (ಕನ್ನಡಕ ಹಾಕಿದರೆ ಮಾತ್ರ ಕಾಣುತ್ತಿತ್ತು.) ಹದಿನೇಳು, ಹಾಲ್‌ನ ನಡುವಿನ ಟೈಲ್ಸ್ ಟೊಳ್ಳು.

ರಸೂಲಸಾಬ್ ಮಂಡಿಯೂರಿ ಕುಳಿತು ಕರಣಿಯ ಹಿಡಿಯಿಂದ ಬಡಿದು ನೋಡಿದರು.

"ಬಾಯಾರ, ಏನೂ ಆಗಿಲ್ರಿ. ಗಟ್ಟಿ ಅದ."

"ಮತ್ತೊಮ್ಮೆ ಬಡೀರಿ. ಟೊಳ್ಳು ಶಬ್ದ ಬರ್ತದ."

ಮತ್ತೆ ಬಡಿದರು. ಗಟ್ಟಿ ನೆಲ ಹೇಗೆ ಸದ್ದು ಮಾಡಬೇಕೋ ಹಾಗೇ ಮಾಡಿತು. ಅವರು ತಲೆಯೆತ್ತಿ ಒಂದು ಗಳಿಗೆ ನನ್ನ ಮುಖ ನೋಡಿದರು.

"ನಿಮಗ ಟೊಳ್ಳು ಕೇಳಸ್ತಂದ್ರ ಟೊಳ್ಳೇರಿ" ಎಂದು ಉಳಿ ಎತ್ತಿಕೊಂಡರು.

"ಗೌಂಡಿಗಿ ಕಿವಿ ಕೇಳಂಗಿಲ್ಲ, ಬಾಯಾರಿಗಿ ಭಾಳ ಕೇಳ್ತದ. ನಡುವ ನನ್ನ ರಟ್ಟಿ ಬಿದ್ ಹೋಗ್ಲಿಕತ್ತಾವ" ಎಂದಳು ಶಾಂತಮ್ಮ.

ಒಡೆದು ತೆಗೆದ ತುಂಡುಗಳ ಬೆನ್ನಿಗೆ ಸಿಮೆಂಟು ಅಂಚಿನಿಂದ ಅಂಚಿಗೆ ಕಚ್ಚಿಕೊಂಡಿತ್ತು. ಮೂವರೂ ನೋಡಿದೆವು. ಬೇರೆ ಟೈಲ್ಸ್ ತರಲು ರಸೂಲಸಾಬ್ ಬಿಲ್ಡರನ ಶೆಡ್ಡಿಗೆ ಹೋದರು.

ಆಗ ಶಾಂತಮ್ಮ ಸಲಿಕೆ ಕೆಳಗಿಟ್ಟಳು.

"ಬಾಯಾರ, ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇಷ್ಟಕ್ಕ ಸಹಿ ಮಾಡಿ ಕೊಟ್ಬಿಡ್ರಿ. ಐನಾಪುರದಾಗ ನಮ್ಮ ತಂಗಿ ಮನಿ ಅರ್ಧಕ್ಕ ನಿಂತದ. ಈ ರಸೂಲಸಾಬರೇ ಹಿಡದ ಕೆಲಸ. ಗ್ವಾಡಿಗಿ ಸಿಮೆಂಟಿನ ಗಿಲಾವ್ ಆಗಿಲ್ಲ, ನೆಲ ಆಗಿಲ್ಲ. ಅಕಿ ಮಗಳು ಬಾಣಂತಿ. ಕೂಸಿನ ಕಟ್ಕೊಂಡು ದನದ ಕೊಟಗ್ಯಾಗ ಮಲಗ್ತಾಳ್ರಿ. ಮಳಿ ಹತ್ತಿತಂದ್ರ ಏನ್ ಮಾಡಬೇಕು?"

"ರಸೂಲಸಾಬ್ ನನಗ ಒಂದ್ ಮಾತರ ಹೇಳಬಾರದಾ?"

"ಅವ್ರು ಹೇಳಂಗಿಲ್ರಿ. ನಾ ದಿನಾ ಜಗಳ ಆಡ್ಲಿಕತ್ತೀನಿ. 'ಬಾಯಾರು ಒಬ್ರೇ ಇರ್ತಾರ, ಇನ್ನೆರಡ್ ದಿನ ಹೋಗಿ ಬರಮು ನಡಿ' ಅಂತಾರ."

ಅಂದರೆ ಅವರಿಗೆ ಗೊತ್ತಿತ್ತು. ಯಾವ ನಂಬರಿನಿಂದ ಗೊತ್ತಿತ್ತು? ಹದಿನೈದರಿಂದಲೇ? ಅಥವಾ ಮೊದಲನೆಯ ದಿನ, ಚಹಾ ಕೊಟ್ಟ ಮೂರು ಲೋಟಗಳಲ್ಲಿ ಎರಡು ಇನ್ನೂ ಅಂಗಡಿಯ ಸ್ಟಿಕ್ಕರ್ ಅಂಟಿಸಿಕೊಂಡೇ ಇದ್ದದ್ದನ್ನು ನೋಡಿದಾಗಲೇ? ಜೀವನಪೂರ್ತಿ ನಾನು ಕೋಣೆ ಕೋಣೆ ಹೊಕ್ಕು ಇನ್ನೊಬ್ಬರ ಕೊರತೆ ಹುಡುಕಿದವಳು. ಒಬ್ಬ ಗೌಂಡಿ ಮಾತೇ ಆಡದೆ ನನ್ನದನ್ನು ನೋಡಿಬಿಟ್ಟಿದ್ದ. ನೋಡಿಯೂ ಬರೆದುಕೊಳ್ಳಲಿಲ್ಲ, ದಿನಾ ಹತ್ತಕ್ಕೆ ಬಂದ. ಆ ಪುಣ್ಯದ ಭಾರ ಹೊತ್ತದ್ದು ಮಾತ್ರ ಐನಾಪುರದ ಬಾಣಂತಿ.

ರಸೂಲಸಾಬ್ ಬಂದು ಟೈಲ್ಸ್ ಕೂಡಿಸಿದರು. ಹಳೆಯ ಬಣ್ಣದ್ದು ಸಿಗಲಿಲ್ಲವಂತೆ. ಇದು ತುಸು ಹಳದಿ. ನಾನು ಕಾಗದಕ್ಕೆ ಸಹಿ ಮಾಡಿ ಕೊಟ್ಟೆ. ಅವರು ಅದನ್ನು ಜೇಬಿಗೆ ಹಾಕಲಿಲ್ಲ, ಕೈಯಲ್ಲೇ ಹಿಡಿದು ನಿಂತರು.

"ಅಡಗಿಮನಿ ಕಪಾಟಿನ ಬಾಗಲ ಜರ ಬಿಗಿ ಅದ ಅನಸ್ತದ್ರಿ. ನಾಳಿ ಬಂದು ನೋಡ್ಲೇನು?"

ಬಾಗಿಲು ಬೆಣ್ಣೆಯ ಹಾಗೆ ತೆರೆಯುತ್ತದೆ. ಅವರೇ ಕೂಡಿಸಿದ್ದು.

"ಬ್ಯಾಡ್ರಿ. ನಾಳಿ ಐನಾಪುರಕ್ಕ ಹೋಗ್ರಿ" ಎಂದೆ.

ಮರುದಿನ ಹತ್ತಕ್ಕೆ ಯಾರೂ ಬರಲಿಲ್ಲ. ಹನ್ನೊಂದಕ್ಕೆ ಒಂದು ಲೋಟ ಚಹಾ ಮಾಡಿಕೊಂಡೆ.

ಮನೆ ಕೊಳ್ಳುವಾಗ ನಾವು ಏನೆಲ್ಲ ವಿಚಾರಿಸುತ್ತೇವೆ! ಬಾಗಿಲು ಪೂರ್ವಕ್ಕಿದೆಯೇ, ಬೋರ್‌ವೆಲ್ ಎಷ್ಟು ಆಳ, ಖಾತಾ ಸರಿಯಿದೆಯೇ. ಪಕ್ಕದ ಮನೆಯಲ್ಲಿ ಯಾರು ಇರುತ್ತಾರೆ ಎಂದು ನಾನೂ ಕೇಳಲಿಲ್ಲ. ಬಿಲ್ಡರನ ಬಣ್ಣದ ಜಾಹೀರಾತಿನ ಹಾಳೆಯಲ್ಲಿ ಗೇಟಿಗೊಬ್ಬರು ನಿಂತು ನಗುತ್ತಿದ್ದರಲ್ಲ, ಅವರೂ ಮನೆಯ ಜೊತೆಗೇ ಬರುತ್ತಾರೆಂದು ನಂಬಿದ್ದೆನೋ ಏನೋ.

ಆ ಹನ್ನೊಂದು ಮನೆಗಳ ಮಾಲೀಕರಲ್ಲಿ ಒಬ್ಬಿಬ್ಬರಾದರೂ ಈ ಪತ್ರಿಕೆ ಓದುತ್ತಿರಬಹುದು. ಅವರಿಗೊಂದು ಮಾತು. ನಿಮ್ಮ ಮನೆಯೂ ನನ್ನದೇ ಪ್ಲಾನು, ನನ್ನದೇ ಕೆಲಸದವರು. ಅಲ್ಲೂ ಏನೋ ಒಂದು ಕೆಟ್ಟಿರಲೇಬೇಕು. ಬಂದು ಇರದೆ ಅದು ನಿಮಗೆ ಹೇಗೆ ಗೊತ್ತಾಗಬೇಕು?