ನನಗೋ, ನನ್ನ ತಲೆಗೋ

ಪಂಪು ತಯಾರಿಸುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಡಿಕ್ಷನರಿ ಅಕ್ಕ ಎನ್ನುತ್ತಿದ್ದರು. ಕೆಲಸಕ್ಕೆ ಸೇರಿದ್ದು ಟೈಪಿಸ್ಟ್ ಆಗಿ. ಕಾರ್ಖಾನೆ ಹೊಸ ಕಂಪನಿಯ ಕೈಗೆ ಹೋದ ಮೇಲೆ ಮುಖ್ಯ ಕಚೇರಿಗೆ ಕಳಿಸುವ ಕಾಗದವೆಲ್ಲ ಇಂಗ್ಲಿಷಿನಲ್ಲಿರಬೇಕು ಎಂದಾಯಿತು. ಕಾರ್ಮಿಕರ ಅರ್ಜಿ, ಹೇಳಿಕೆ, ತಕರಾರುಗಳನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸ ತಾನಾಗಿಯೇ ಅವಳ ಮೇಜಿನ ಮೇಲೆ ಬಂದು ಕೂತಿತು. ಜೋಡಣೆ ವಿಭಾಗದ ಮೇಲಿನ ಗಾಜಿನ ಕೋಣೆ ಅವಳದು. ಕೆಳಗೆ ಪರೀಕ್ಷೆಯ ತೊಟ್ಟಿಯಲ್ಲಿ ಪಂಪು ಓಡಿದಾಗಲೆಲ್ಲ ಅವಳ ಲೋಟದ ನೀರಿನಲ್ಲಿ ಸಣ್ಣ ಉಂಗುರಗಳು ಏಳುತ್ತಿದ್ದವು.

ಇಂಗ್ಲಿಷಿನ ದೊಡ್ಡ ಪದಗಳಿಗೆ ಅವಳು ಹೆದರಿದವಳಲ್ಲ. ಅವು ನಿಘಂಟು ತೆರೆದರೆ ಸಿಕ್ಕಿಬೀಳುತ್ತವೆ. ಕಾಡುತ್ತಿದ್ದದ್ದು ಕ್ರಿಯಾಪದದ ಹಿಂದೆ ಬಂದು ನಿಲ್ಲುವ ಪುಟಾಣಿಗಳು. ಅವಕ್ಕೆ ಅವಳು ‘ಬಾಲ’ ಎಂದು ಹೆಸರಿಟ್ಟಿದ್ದಳು. ಲುಕ್‌ಗೆ ಆಫ್ಟರ್ ಎಂಬ ಬಾಲ ಹಚ್ಚಿದರೆ ಮಗುವನ್ನು ನೋಡಿಕೊಂಡಂತೆ. ಫಾರ್ ಹಚ್ಚಿದರೆ ಮಗು ಕಳೆದುಹೋಗಿ ಹುಡುಕಿದಂತೆ. “ತಲೆ ಅದೇ ಕಣೇ, ಬಾಲ ಬದಲಾದ್ರೆ ಪ್ರಾಣೀನೇ ಬೇರೆ” ಎಂದು ಮಗಳಿಗೆ ಪಾಠ ಹೇಳುವಾಗ ನಗುತ್ತಿದ್ದಳು. ಅದೇ ಬಾಲ ಒಂದು ದಿನ ಒಬ್ಬನ ಅನ್ನಕ್ಕೆ ಸುತ್ತಿಕೊಳ್ಳುತ್ತದೆ ಎಂದು ಅವಳಿಗೆ ಹೊಳೆದಿರಲಿಲ್ಲ.

ಅವತ್ತು ಮ್ಯಾನೇಜರ್ ತಂದುಕೊಟ್ಟದ್ದು ಜೋಡಣೆ ವಿಭಾಗದ ಮೇಸ್ತ್ರಿಯ ಹೇಳಿಕೆ. ನಾಲ್ಕೇ ಸಾಲು. “ಬೆಳಿಗ್ಗೆ ಫಿಟ್ಟರ್‌ಗೂ ನನಗೂ ಮಾತು ಬೆಳೆದಿತ್ತು. ಮಧ್ಯಾಹ್ನ ತೊಟ್ಟಿಯ ಮೇಲಿನ ಅಟ್ಟಣೆಯಲ್ಲಿದ್ದಾಗ ಸ್ಪ್ಯಾನರ್ ಕೇಳಿದೆ. ಅವನು ಕೆಳಗಿನಿಂದ ನನಗೆ ಸ್ಪ್ಯಾನರ್ ಎಸೆದ. ಕೈಗೆ ಬಡಿದು ಮೂಳೆ ಬಿರುಕುಬಿಟ್ಟಿತು.”

ಫಿಟ್ಟರ್ ಎಂದರೆ ಎಲ್ಲರ ಬಾಯಲ್ಲಿ ಗಡಿಬಿಡಿ ಎನಿಸಿಕೊಂಡವನು. ನಡೆಯುವುದಕ್ಕೂ ಓಡುವುದಕ್ಕೂ ವ್ಯತ್ಯಾಸ ತಿಳಿಯದವನು. ಮೇಸ್ತ್ರಿಯೇ ಕೈಹಿಡಿದು ಕೆಲಸ ಕಲಿಸಿದ್ದರು. ಆ ಬೆಳಿಗ್ಗೆ ಅವನು ಜೋಡಿಸಿದ ಪಂಪುಗಳು ಸೋರುತ್ತಿವೆ ಎಂದು ಎಲ್ಲರೆದುರು ಬಿಚ್ಚಿಸಿದ್ದೂ ಅವರೇ.

ಮೊದಲ ಎರಡು ಸಾಲು ಸಲೀಸಾಗಿ ಹೋದವು. ಮೂರನೆಯದರಲ್ಲಿ ಎಸೆದ ಎಂಬುದಕ್ಕೆ ‘ಥ್ರೂ’ ಎಂದು ಒತ್ತಿದವಳ ಬೆರಳು ನಿಂತಿತು. ಮುಂದೆ ಬಾಲ ಬೇಕು. ಟು ಎಂದರೆ ಹಿಡಿಯಲಿ ಎಂದು ಎಸೆದದ್ದು. ಅಟ್ ಎಂದರೆ ತಾಗಲಿ ಎಂದು ಎಸೆದದ್ದು. ನಮ್ಮ ಮಾತಿನಲ್ಲಿ ಚೆಂಡನ್ನು ಗೆಳೆಯನಿಗೆ ಎಸೆದರೂ ‘ಗೆ’, ಕಲ್ಲನ್ನು ನಾಯಿಗೆ ಎಸೆದರೂ ‘ಗೆ’. ಕೇಳುವವರು ಚೆಂಡು ನೋಡಿ, ಕಲ್ಲು ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಸ್ಪ್ಯಾನರ್ ಮಾತ್ರ ಚೆಂಡೂ ಅಲ್ಲ, ಕಲ್ಲೂ ಅಲ್ಲ.

“ಸರ್, ಇಲ್ಲಿ ಟು ಹಾಕಲೋ ಅಟ್ ಹಾಕಲೋ ಗೊತ್ತಾಗ್ತಿಲ್ಲ.”

“ಮೂಳೆ ಬಿರುಕುಬಿಟ್ಟಿದೆಯಲ್ಲಮ್ಮ, ಅಟ್ ಹಾಕಿ ಮುಗಿಸಿ. ಎರಡಕ್ಷರಕ್ಕೆ ಇಷ್ಟು ಯೋಚನೆನಾ?”

“ಅಟ್ ಹಾಕಿದ್ರೆ?”

ಮ್ಯಾನೇಜರ್ ಬಾಗಿಲಲ್ಲೇ ನಿಂತರು. “ಹಲ್ಲೆ ಅಂತಾಗುತ್ತೆ. ಕೆಲಸ ಹೋಗುತ್ತೆ.”

“ಟು ಹಾಕಿದ್ರೆ?”

“ಅಜಾಗರೂಕತೆ. ಎಚ್ಚರಿಕೆ ಕೊಟ್ಟು ಬಿಡ್ತಾರೆ.” ಅವರ ದನಿ ಸ್ವಲ್ಪ ಇಳಿಯಿತು. “ವಿಚಾರಣೆಗೆ ಬರೋ ಅಧಿಕಾರಿಗೆ ನಮ್ಮ ಭಾಷೆ ಬರಲ್ಲ. ನೀವು ಬರೆದದ್ದನ್ನೇ ಓದ್ತಾರೆ. ನಾಳೆ ಸಂಜೆಯೊಳಗೆ ಕೊಡಿ.”

ಅರ್ಥ ಸ್ಪಷ್ಟವಿಲ್ಲ ಎಂದು ಅಡಿಟಿಪ್ಪಣಿ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅರ್ಥ ಸ್ಪಷ್ಟವಿಲ್ಲದ ಕಡೆ ಓದುವವರು ಬಿರುಕುಬಿಟ್ಟ ಮೂಳೆಯನ್ನೇ ನೋಡುತ್ತಾರೆ. ಅದು ಅಟ್ ಬರೆದಂತೆಯೇ. ಕರುಣೆಯಿಂದ ಟು ಹಾಕಿಬಿಡಲು ಅವಳ ಮನಸ್ಸು ಒಪ್ಪಲಿಲ್ಲ. ಬಿರುಕುಬಿಟ್ಟ ಕೈಯೂ ಸುಳ್ಳಲ್ಲವಲ್ಲ.

ಸಂಜೆ ಮನೆಗೆ ಬಂದು ಸೊಪ್ಪು ಬಿಡಿಸುತ್ತಾ ಕೂತಾಗ ಬೀದಿಯಿಂದ ಗಂಡನ ಕೂಗು ಬಂತು. ಕೆಳಗಿನ ಬಾಗಿಲಿನ ಕೀಲಿಕೈ ಮತ್ತೆ ಮರೆತಿದ್ದ. ಆ ವಾರದಲ್ಲಿ ಇದು ಎಷ್ಟನೆಯ ಸಲವೋ. ಅವಳು ಬಾಲ್ಕನಿಗೆ ಹೋದಳು, ಬಾಯಿ ಬಿಡದೆ ಕೀಲಿ ಎಸೆದಳು, ಒಳಗೆ ಬಂದಳು. ಕೆಳಗಿನಿಂದ “ಅಯ್ಯೋ!” ಎಂದದ್ದು ಕೇಳಿಸಿತು.

ಗಂಡ ನೆತ್ತಿ ಉಜ್ಜಿಕೊಳ್ಳುತ್ತಾ ಮೆಟ್ಟಿಲೇರಿ ಬಂದ. “ಅಲ್ಲ ಮಾರಾಯ್ತಿ, ಕೀಲೀನ ಎಸೆದದ್ದು ನನಗೋ, ನನ್ನ ತಲೆಗೋ?”

ಮಗಳು ಬಿದ್ದು ಬಿದ್ದು ನಕ್ಕಳು. ಅವಳು ನಗಲಿಲ್ಲ. ಅವನು ಹಿಡಿಯಲಿ ಎಂದೇ ಎಸೆದಿದ್ದಳು. ಸ್ವಲ್ಪ ತಾಗಿದರೂ ಪರವಾಗಿಲ್ಲ ಎಂದೂ ಆ ಕೈಗೆ ಅನಿಸಿತ್ತೇನೋ.

ಮರುದಿನ ಬೆಳಿಗ್ಗೆ ಗಾಜಿನ ಕೋಣೆಯ ಮೆಟ್ಟಿಲ ಬುಡದಲ್ಲಿ ಗಡಿಬಿಡಿ ಕಾಯುತ್ತಿದ್ದ. ಸುಮ್ಮನೆ ಒಂದೇ ಕಡೆ ನಿಂತಿದ್ದ ಅವನನ್ನು ಅವಳು ನೋಡಿದ್ದು ಅದೇ ಮೊದಲು.

“ಅಕ್ಕಾ, ಏನಂತ ಬರೆದ್ರಿ?”

“ಇನ್ನೂ ಬರೆದಿಲ್ಲಪ್ಪ. ನಿಜ ಹೇಳು, ಸಿಟ್ಟಿತ್ತಾ?”

ಅವನು ಅತ್ತಿತ್ತ ನೋಡಿದ. “ಇತ್ತಕ್ಕಾ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಹೊಟ್ಟೆ ತುಂಬ ಇತ್ತು. ಆದ್ರೆ ಸ್ಪ್ಯಾನರ್‌ನಲ್ಲಿ ಇರ್ಲಿಲ್ಲ.”

ಆ ಮಾತು ಅವಳಿಗೆ ನಾಟಿತು. ಆದರೂ ಅದನ್ನು ಬರೆಯುವಂತಿರಲಿಲ್ಲ. ಅವಳು ತಿರುಗಿಸಬೇಕಾದದ್ದು ಮೇಸ್ತ್ರಿಯ ಮಾತನ್ನು. ಅದರೊಳಗೆ ಏನಿದೆ ಎಂದು ಹೇಳಬೇಕಾದವರು ಮೇಸ್ತ್ರಿಯೇ.

ಆಸ್ಪತ್ರೆಯ ಕಾಗದ ಕೊಡಲು ಅವರು ಮಧ್ಯಾಹ್ನ ಬಂದರು. ಬಲಗೈಗೆ ಪಟ್ಟಿ ಸುತ್ತಿ ಕೊರಳಿಗೆ ತೂಗುಹಾಕಿದ್ದರು. ಅವಳು ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, ವಿಷಯ ತೆಗೆದಳು.

“ನಾನು ಹೇಳಿದ್ದನ್ನ ಬರೆಯೋಕೆ ನಿನಗೇನು ಕಷ್ಟ ತಾಯಿ? ಎಸೆದ ಅಂದ್ರೆ ಎಸೆದ. ಬಂತು, ಬಡೀತು.”

“ಇಂಗ್ಲಿಷ್‌ಗೆ ಅಷ್ಟು ಸಾಲಲ್ಲ ಅಣ್ಣ. ಹಿಡೀಲಿ ಅಂತ ಎಸೆದ್ನೋ, ಹೊಡೀಲಿ ಅಂತ ಎಸೆದ್ನೋ ಅಂತಾನೂ ಹೇಳ್ಬೇಕು.”

“ಅವನ ಹೊಟ್ಟೆಯೊಳಗೆ ಇಳಿದು ನೋಡ್ಲಾ ನಾನು?”

“ಬೇಡ. ಎಸೆಯೋ ಮುಂಚೆ ಏನಾದ್ರೂ ಅಂದ್ನಾ, ಅಷ್ಟು ಹೇಳಿ.”

ಮೇಸ್ತ್ರಿ ಗೋಡೆಯ ಕಡೆ ನೋಡಿದರು. “ತಗೋ ಅಂದ.”

ಕೊಡುವವನೂ ತಗೋ ಎನ್ನುತ್ತಾನೆ, ಬಾರಿಸುವವನೂ ತಗೋ ಎನ್ನುತ್ತಾನೆ. ಸುತ್ತಿ ಬಳಸಿ ಮತ್ತೆ ಅದೇ ಜಾಗ. ಸುಮ್ಮನಾಗಬೇಕು ಎನ್ನುವಷ್ಟರಲ್ಲಿ ಕಿವಿಗೆ ಏನೋ ಒರಟಾಗಿ ತಾಗಿತು.

“ತಗೋ ಅಂತಲೇ ಅಂದ್ನಾ? ಅವನು ನಿಮ್ಮನ್ನ ಏಕವಚನದಲ್ಲಿ ಮಾತಾಡಿಸ್ತಾನಾ?”

“ಏಕವಚನ!” ಮೇಸ್ತ್ರಿ ನೆಟ್ಟಗೆ ಕೂತರು. “ನನಗೆ ಏಕವಚನ ಹಚ್ಚಿದ್ರೆ ಹಲ್ಲು ಉದುರಿಸ್ತೀನಿ. ಬೆಳಿಗ್ಗೆ ಅಷ್ಟು ಜಗಳ ಆಯ್ತಲ್ಲ, ಆಗಲೂ ‘ನೀವು ಮಾಡಿದ್ದು ಸರಿಯಲ್ಲ’ ಅಂತಲೇ ಅಂದ. ಹಾಗೆ ಬೆಳೆಸಿದೀನಿ ಅವನನ್ನ.”

“ಹಾಗಾದ್ರೆ ಮಧ್ಯಾಹ್ನ?”

ಕೆಳಗೆ ಪಂಪು ಶುರುವಾಯಿತು. ಲೋಟದಲ್ಲಿ ಉಂಗುರಗಳು ಎದ್ದವು. ಮೇಸ್ತ್ರಿ ಅವನ್ನೇ ನೋಡುತ್ತಾ ಕೂತರು.

“ತಗೊಳ್ಳಿ ಅಂದ” ಎಂದರು ಕೊನೆಗೆ. “ನಾನು ಕೈ ಚಾಚಿದ್ದೆ. ಗೇಟಿನಲ್ಲಿ ಲಾರಿ ಹಾರ್ನ್ ಹೊಡೀತು. ಆ ಕಡೆ ತಿರುಗಿಬಿಟ್ಟೆ.”

“ಹೇಳಿಕೇಲಿ ಇದು ಇಲ್ವಲ್ಲ ಅಣ್ಣ.”

“ಯಾರು ಕೇಳಿದ್ರು? ಏನಾಯ್ತು ಅಂದ್ರು, ಹೇಳ್ದೆ. ನೋವಿತ್ತು. ಬೆಳಿಗ್ಗೇದೂ ಮನಸ್ಸಲ್ಲಿ ಕೊರೀತಿತ್ತು.” ಪಟ್ಟಿ ಸುತ್ತಿದ ಕೈಯನ್ನೊಮ್ಮೆ ನೋಡಿಕೊಂಡು ಮತ್ತೆ ಅವರೇ ಅಂದರು: “ಬಾರಿಸೋನು ಯಾವನಾದ್ರೂ ತಗೊಳ್ಳಿ ಅಂತಾನೇನಮ್ಮ?”

ಎರಡು ಸಾಲು ಸೇರಿಸಿ ಹೇಳಿಕೆಯನ್ನು ಹೊಸದಾಗಿ ಬರೆದಾಯಿತು. ಮೇಸ್ತ್ರಿ ಎಡಗೈಯಲ್ಲಿ ಸಹಿ ಹಾಕಿದರು. ಒದ್ದೆ ಮರಳಿನ ಮೇಲೆ ಏಡಿ ನಡೆದಂತೆ ಕಾಣುತ್ತಿತ್ತು. ಅವಳು ‘ಟು ಮಿ’ ಎಂದು ಟೈಪ್ ಮಾಡಿದಳು. ತಗೊಳ್ಳಿ ಎಂಬುದರ ಮರ್ಯಾದೆಯನ್ನು ಮಾತ್ರ ಇಂಗ್ಲಿಷಿಗೆ ತರಲು ಆಗಲಿಲ್ಲ. ಅಲ್ಲಿ ಅದಕ್ಕೆ ಬಾಲವೇ ಇಲ್ಲ. ‘ಹಿರಿಯರೊಡನೆ ಮಾತಾಡುವ ರೀತಿಯಲ್ಲಿ ಹೇಳಿದ’ ಎಂದು ಒಂದು ಸಾಲು ಬಿಡಿಸಿ ಬರೆದಳು.

ವಿಚಾರಣೆಯ ಅಧಿಕಾರಿ ಆ ಸಾಲಿನ ಮೇಲೆ ಮೇಸ್ತ್ರಿಗೆ ಮತ್ತೆ ಮತ್ತೆ ಪ್ರಶ್ನೆ ಹಾಕಿದರಂತೆ. ಮೇಸ್ತ್ರಿ ಮಾತು ಬದಲಿಸಲಿಲ್ಲ. ಗಡಿಬಿಡಿಗೆ ಲಿಖಿತ ಎಚ್ಚರಿಕೆ ಬಂತು, ಕೆಲಸ ಉಳಿಯಿತು. ಇನ್ನು ಮುಂದೆ ಸಲಕರಣೆಗಳನ್ನು ಎಸೆಯಕೂಡದು, ಕೈಗೇ ಕೊಡಬೇಕು ಎಂಬ ಫಲಕ ತೊಟ್ಟಿಯ ಪಕ್ಕಕ್ಕೆ ಬಂತು. ಅವನು ಈಗ ಸ್ಪ್ಯಾನರ್ ಹಿಡಿದು ಅಟ್ಟಣೆಯ ಏಣಿಯನ್ನು ಓಡುತ್ತಲೇ ಹತ್ತುತ್ತಾನೆ. “ನಿಧಾನ ಕಣೋ, ನೀನೇ ಬಂದು ಬಡೀಬೇಡ” ಎಂದು ಮೇಸ್ತ್ರಿ ಮೇಲಿನಿಂದ ಬೈಯುವುದು ಗಾಜಿನ ಕೋಣೆಗೂ ಕೇಳಿಸುತ್ತದೆ.

ಎಚ್ಚರಿಕೆಯ ಆದೇಶ ಬಂದ ಸಂಜೆ ಬೀದಿಯಿಂದ ಮತ್ತೆ ಅದೇ ಕೂಗು. ಅವಳು ಕೀಲಿ ಹಿಡಿದು ಬಾಲ್ಕನಿಗೆ ಹೋದಳು. ಕಥೆ ಕೇಳಿದ್ದ ಗಂಡ ಕೆಳಗೆ ಎರಡೂ ಕೈ ತಲೆಯ ಮೇಲೆ ಅಡ್ಡ ಹಿಡಿದು ನಿಂತಿದ್ದ.

“ಇವತ್ತು ಯಾವ ಬಾಲ? ಮೊದಲೇ ಹೇಳಿಬಿಡು.”

“ಇವತ್ತು ಟು ರೀ. ಕೈ ತೆಗೀರಿ.”

“ಮತ್ತೆ ಮೊನ್ನೇದು?”

ಅವಳು ಕಂಬಿಗೆ ಒರಗಿ ಒಂದು ಕ್ಷಣ ಯೋಚಿಸಿದಳು. “ಮೊನ್ನೇದರಲ್ಲಿ ಎರಡೂ ಸ್ವಲ್ಪ ಸ್ವಲ್ಪ ಇತ್ತು.”

“ಅದಕ್ಕೆ ಇಂಗ್ಲಿಷಲ್ಲಿ ಏನಂತಾರೆ?”

“ಗೊತ್ತಿಲ್ಲ” ಎಂದಳು. “ತಗೊಳ್ಳಿ.” ಅವನು ಕೈ ಇಳಿಸಿ, ಬೊಗಸೆ ಒಡ್ಡಿ, ತಲೆಯೆತ್ತಿ ತನ್ನನ್ನು ನೋಡುವವರೆಗೂ ಕೀಲಿಯನ್ನು ಕೈಯಲ್ಲೇ ಹಿಡಿದು ನಿಂತಳು.