ಮುಚ್ಚಳ ತೆಗೆಯದೆ ಹೊಡೆದ ಫೋಟೊ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ದಿನ ಅತ್ತೆ ಉಟ್ಟಿದ್ದ ಸೀರೆ ಹಸಿರೋ ನೀಲಿಯೋ ನೆನಪಿಲ್ಲ. ಕಪ್ಪು-ಬಿಳುಪು ಫೋಟೊ ಅದನ್ನು ಹೇಳುವುದೂ ಇಲ್ಲ. ಕ್ಯಾಮೆರಾದ ಮುಚ್ಚಳದ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಯಾರಾದರೂ ಇಂಥ ವಿಚಿತ್ರಗಳನ್ನು ಹೇಳಿದರೆ ನಾನು ನಂಬುತ್ತಿರಲಿಲ್ಲ. "ಸರಿಯಾಗಿ ನೋಡಿದಿರಾ?" ಎನ್ನುತ್ತಿದ್ದೆ. ಈಗ ನೀವು ನನ್ನನ್ನು ಅದನ್ನೇ ಕೇಳಬಹುದು.

ಎಂಬತ್ತರ ದಶಕದ ಕೊನೆ. ನೌಕಾಪಡೆಯಲ್ಲಿದ್ದ ಗಂಡನೊಂದಿಗೆ ವಿಶಾಖಪಟ್ಟಣದ ಕ್ವಾರ್ಟರ್ಸ್‌ನಲ್ಲಿದ್ದೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಮನೆಯಲ್ಲಿ ಕೂತವಳಿಗೆ, ಫಿಲ್ಮ್ ತೊಳೆಯುವ ಬಚ್ಚಲುಮನೆಯೇ ಪ್ರಯೋಗಶಾಲೆ. ಟ್ಯಾಂಕಿನ ನೀರು ಮಧ್ಯಾಹ್ನಕ್ಕೆ ಕಾದು ಫಿಲ್ಮಿನ ಪದರ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟುತ್ತಿತ್ತು; ಫಿಲ್ಮ್ ತೊಳೆಯುವ ಡಬ್ಬಿಯನ್ನು ಐಸ್ ಹಾಕಿದ ಪಾತ್ರೆಯಲ್ಲಿಟ್ಟೆ, ಸರಿಹೋಯಿತು. ದುಂಡನೆಯ ಕಲೆ ಬಿದ್ದರೆ ಗಾಳಿಗುಳ್ಳೆ. ಡಬ್ಬಿಯನ್ನು ನೆಲಕ್ಕೆ ಮೆಲ್ಲಗೆ ಕುಟ್ಟಬೇಕು. ಹಾಲುಹಾಲಾಗಿ ಕಂಡರೆ ಚಿತ್ರವನ್ನು ನಿಲ್ಲಿಸುವ ಫಿಕ್ಸರ್ ದ್ರಾವಣ ಹಳತಾಗಿದೆ. ಮಸುಕು ಕವಿದರೆ ಕಿಟಕಿಗೆ ಕಟ್ಟಿದ ಕಂಬಳಿ ಸರಿದಿದೆ. ಕಾರಣ ಸಿಗದ ದೋಷವನ್ನೇ ನಾನು ಕಂಡಿರಲಿಲ್ಲ.

ಅತ್ತೆ ಬಳ್ಳಾರಿಯವರು. ತೆಲುಗಿನ ಮಾವಯ್ಯನನ್ನು ಮದುವೆಯಾಗಿ ವಿಜಯವಾಡದ ಭವಾನಿಪುರಂನಲ್ಲಿ ನೆಲೆಸಿದ್ದರು. ಕ್ಯಾಮೆರಾ ಕಂಡರೆ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದರು. "ನನ್ನ ಮಾರಿ ಗೋಡೆಗೆ ನೇತುಹಾಕಾಕೆ ಅಷ್ಟ್ಯಾಕವ್ವಾ ಅವಸರ ನಿನಗೆ?" ಎನ್ನುತ್ತಿದ್ದರು. ನಾವು ಹೋಗಿದ್ದಾಗ ಒಂದು ಬೆಳಿಗ್ಗೆ, ಅದೇನು ಮನಸ್ಸಾಯಿತೋ, ಮಹಡಿಯ ಮೇಲೆ ತಾವಾಗಿಯೇ ಕುರ್ಚಿ ಎಳೆದು ಕೂತರು.

"ಹೊಡಿ. ಒಂದೇ. ಮತ್ತೆ ಕೇಳಂಗಿಲ್ಲ."

ಹೊಡೆದೆ. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಮಾವಯ್ಯ ಬಿದ್ದು ಬಿದ್ದು ನಕ್ಕರು. "ಅಯ್ಯೋ ಅಮ್ಮಾಯಿ, ಮುಚ್ಚಳ ತೆಗೀಲೇ ಇಲ್ಲ ಕದಾ!"

ಆ ಕ್ಯಾಮೆರಾದಲ್ಲಿ ನೋಡುವ ಕಿಂಡಿ ಬೇರೆ, ಲೆನ್ಸ್ ಬೇರೆ. ಲೆನ್ಸಿಗೆ ಮುಚ್ಚಳವಿದ್ದರೂ ಕಿಂಡಿಯಲ್ಲಿ ಎಲ್ಲ ಚೆನ್ನಾಗಿ ಕಾಣುತ್ತದೆ.

"ದೇವರು ನನ್ನ ಕಡೆ ಅದಾನೆ ಬಿಡು," ಎಂದು ಅತ್ತೆ ಎದ್ದು ಕೆಳಗೆ ಹೋದರು. ನಾನು ಸಿಟ್ಟಿನಿಂದ ಮುಚ್ಚಳ ಕಿತ್ತು ಖಾಲಿ ಕುರ್ಚಿಯದೇ ಒಂದು ಫೋಟೊ ಹೊಡೆದೆ.

ಆ ರೀಲು ಮುಗಿಯುವ ಮೊದಲೇ ಅತ್ತೆ ತೀರಿಕೊಂಡರು. ಗಂಡ ಕರ್ಮಗಳಿಗಾಗಿ ಅಲ್ಲೇ ಉಳಿದರು, ಮಗಳ ಪರೀಕ್ಷೆಗೆಂದು ನಾನು ವಿಶಾಖಪಟ್ಟಣಕ್ಕೆ ಮರಳಿದೆ. ನಾದಿನಿ ಫೋನಿನಲ್ಲಿ ಅತ್ತಳು. "ವದಿನಾ, ಅಮ್ಮಂದು ಮುಖ ಕಾಣೋ ಫೋಟೊ ಒಂದೂ ಇಲ್ವಾ? ನನ್ನ ಮಕ್ಕಳು ಮರೆತೇಬಿಡ್ತಾರೆ." ಇಲ್ಲವೆನ್ನಲು ಬಾಯಿ ಬರಲಿಲ್ಲ. ರೀಲು ತೊಳೆದು ನೋಡುತ್ತೇನೆ ಎಂದೆ. ಮುಖ ಇರದೆಂದು ಗೊತ್ತಿತ್ತು; ಮುಚ್ಚಿಕೊಂಡ ಸೆರಗಾದರೂ ಸಿಕ್ಕೀತು ಅನ್ನಿಸಿತು.

ಮಧ್ಯಾಹ್ನ ಎಂದಿಗಿಂತ ಜೋಪಾನವಾಗಿ ತೊಳೆದು, ಒದ್ದೆ ಪಟ್ಟಿಯನ್ನು ಬೆಳಕಿಗೆ ಹಿಡಿದೆ. ಅತ್ತೆ ಕೂರುವ ಮೊದಲು ಹೊಡೆದಿದ್ದ, ಪೇಪರ್ ಓದುವ ಮಾವಯ್ಯ ಇದ್ದರು. ಖಾಲಿ ಕುರ್ಚಿ ಇತ್ತು. ಇವೆರಡರ ನಡುವೆ, ಗಾಜಿನ ಹಾಗೆ ಬರಿದಾಗಿರಬೇಕಿದ್ದ ಜಾಗದಲ್ಲಿ, ಅತ್ತೆ ಕೂತಿದ್ದರು. ನೆಗೆಟಿವ್ ಆದ್ದರಿಂದ ಕೂದಲು ಬೆಳ್ಳಗೆ, ಮುಖ ಕಪ್ಪಗೆ. ಸೆರಗು ಹೆಗಲ ಮೇಲಿತ್ತು. ನೇರವಾಗಿ ನನ್ನನ್ನೇ ನೋಡುತ್ತಿದ್ದರು.

ಕಾರಣ ಹುಡುಕಿದೆ. ಮುಚ್ಚಳ ಸಡಿಲವೇ? ಅದೇ ಮುಚ್ಚಳ ಹಾಕಿ ಬಿಸಿಲಿನಲ್ಲಿ ಇನ್ನೊಂದು ರೀಲು ಹೊಡೆದು ತೊಳೆದೆ. ಪೂರ್ತಿ ಬರಿದು. ಬಿದ್ದ ಬೆಳಕನ್ನು ಡೆವಲಪರ್ ದ್ರಾವಣ ತೋರಿಸುತ್ತದೆ. ಬೀಳದ ಬೆಳಕನ್ನು ಹುಟ್ಟಿಸಲಾರದು. ಇನ್ನು ಉಳಿದದ್ದು ನನ್ನ ನೆನಪೊಂದೇ. ಅದನ್ನು ನಾನು ಯಾವತ್ತೂ ಪೂರ್ತಿ ನಂಬಿದವಳಲ್ಲ. ಆದರೆ ಮುಚ್ಚಳ ಕಂಡವಳು ನಾನೊಬ್ಬಳೇ ಅಲ್ಲವಲ್ಲ.

ಆ ಫೋಟೊಗೆ ಕಟ್ಟು ಹಾಕಿಸಿ ಭವಾನಿಪುರಂಗೆ ಒಯ್ದೆ. ಮಾವಯ್ಯ ಅದನ್ನು ಗೋಡೆಗೆ ತೂಗುಹಾಕಿ, ಒರೆಸಿದ ಗಾಜನ್ನೇ ಟವೆಲಿನ ತುದಿಯಿಂದ ಮತ್ತೆ ಒರೆಸುತ್ತ ನಿಂತಿದ್ದರು. ಆಗ ಕೇಳಿದೆ. ಅವರು ನನ್ನ ಕಡೆ ತಿರುಗದೆ ಒರೆಸುತ್ತಲೇ ಇದ್ದರು.

"ಮಾವಯ್ಯಾ, ಅವತ್ತು ಮುಚ್ಚಳ ಹಾಗೇ ಇತ್ತಲ್ವಾ? ನೀವೇ ಅಲ್ವಾ ನೋಡಿ ನಕ್ಕಿದ್ದು?"